ಪಿಕಪ್ಪೇ ಇಲ್ಲದ ಎಂಜಿನ್‌ಗೆ ಪೇಟೆಂಟ್ ತಗೊಂಡವನು

ಬೂದಿಗೆರೆ ಕ್ರಾಸ್‌ನಿಂದ ನಮ್ಮೂರ ಕಡೆ ಬರೋ ಹಳೇ ಜಲ್ಲಿ ಲಾರಿಗಳಿಗೆ ಪಿಕಪ್ ಕಮ್ಮಿ ಆದ್ರೆ ಪಂಪ್ ಸ್ಕ್ರೂ ತಿರುಗಿಸಿ ಡೀಸೆಲ್ ಜಾಸ್ತಿ ಬಿಡೋದು ಮಾಮೂಲಿ. ಲಾರಿ ಸ್ವಲ್ಪ ಎಳೆಯುತ್ತೆ, ಹಿಂದೆ ಬೈಕಲ್ಲಿ ಬರೋರ ಮುಖಕ್ಕೆ ಕಪ್ಪು ಹೊಗೆ. ಈ ಎಂಜಿನ್ ಕಂಡುಹಿಡಿದವನೂ ಪಿಕಪ್‌ಗೋಸ್ಕರ ಇಂಧನ ಹೆಚ್ಚಿಸಿದ್ದ ಅಂತ ಓದಿದಾಗ ನಂಗೆ ಆಶ್ಚರ್ಯ ಆಯ್ತು.

ರುಡಾಲ್ಫ್ ಡೀಸೆಲ್ ಹುಟ್ಟಿದ್ದು 1858ರಲ್ಲಿ, ಪ್ಯಾರಿಸ್‌ನಲ್ಲಿ. ಅಪ್ಪ ಅಮ್ಮ ಜರ್ಮನ್ನರು. 1870ರಲ್ಲಿ ಯುದ್ಧ ಶುರುವಾದಾಗ ಊರು ಬಿಡಬೇಕಾಯ್ತು. ಲಂಡನ್‌ಗೆ ಹೋದ ಸಂಸಾರ ಹನ್ನೆರಡು ವರ್ಷದ ಹುಡುಗನನ್ನ ಆಗ್ಸ್‌ಬರ್ಗ್‌ನ ನೆಂಟರ ಮನೆಗೆ ಕಳಿಸಿತು. ಮುಂದೆ ಮ್ಯೂನಿಕ್‌ನಲ್ಲಿ ಎಂಜಿನಿಯರಿಂಗ್. ಟೈಫಾಯ್ಡ್ ಬಂದು ಫೈನಲ್ ಪರೀಕ್ಷೆ ತಪ್ಪಿಹೋಯ್ತು (ಬ್ಯಾಕ್‌ಲಾಗ್ ಇರೋರು ಸಮಾಧಾನ ಮಾಡ್ಕೊಳ್ಳಿ), 1880ರಲ್ಲಿ ಪಾಸಾದ.

ಆಗಿನ ಸ್ಟೀಮ್ ಎಂಜಿನ್‌ಗಳು ಕಲ್ಲಿದ್ದಲಿನ ಶಾಖದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಪೋಲು ಮಾಡ್ತಿದ್ವು. ಅದು ಇವನ ತಲೆ ಕೊರೀತಿತ್ತು. ನಾವು ಥರ್ಮೋ ಪರೀಕ್ಷೆಗೆ ಉರು ಹೊಡೆಯೋ ಕಾರ್ನೋ ಸೈಕಲ್ಲನ್ನ ಕಬ್ಬಿಣದಲ್ಲಿ ಕಟ್ಟೋಕೆ ಹೊರಟ. 1892ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದ. ಬರೀ ಗಾಳಿಯನ್ನ ವಿಪರೀತ ಒತ್ತಿ ಬಿಸಿ ಮಾಡೋದು, ಆಮೇಲೆ ಇಂಧನವನ್ನ ಸ್ವಲ್ಪಸ್ವಲ್ಪವೇ ಬಿಟ್ಟು, ಉರಿಯುವಾಗ ಟೆಂಪರೇಚರ್ ಏರದ ಹಾಗೆ ನೋಡ್ಕೊಳ್ಳೋದು. ಕಾಗದದ ಮೇಲೆ ಎಫಿಷಿಯೆನ್ಸಿ ಅದ್ಭುತ. ಆದ್ರೆ ಅಷ್ಟು ಕಮ್ಮಿ ಇಂಧನದಿಂದ ಬರೋ ಬಲವೆಲ್ಲ ಗಾಳಿ ಒತ್ತೋಕೆ, ಘರ್ಷಣೆಗೇ ಸರಿಹೋಗುತ್ತೆ. ಹೊರಗಿನ ಕೆಲಸಕ್ಕೆ ಉಳಿಯೋದು ಹೆಚ್ಚುಕಮ್ಮಿ ಸೊನ್ನೆ. ಅಂದ್ರೆ ಪೇಟೆಂಟ್‌ನಲ್ಲಿದ್ದ ಎಂಜಿನ್‌ಗೆ ಪಿಕಪ್ಪೇ ಇಲ್ಲ!

ಇದು ಅವನಿಗೂ ಗೊತ್ತಾಯ್ತು. ಒತ್ತಡ ಇಳಿಸಿದ, ಇಂಧನ ಹೆಚ್ಚಿಸಿದ, 1893ರ ಕೊನೇಲಿ ಇನ್ನೊಂದು ಪೇಟೆಂಟ್‌ಗೆ ಅರ್ಜಿ ಹಾಕಿದ. ಆದ್ರೆ ಮೊದಲ ಲೆಕ್ಕ ತಪ್ಪು ಅಂತ ಎಲ್ಲರ ಮುಂದೆ ಬಾಯಿಬಿಟ್ಟು ಹೇಳಲಿಲ್ಲ. ನನ್ನ ಪ್ರಕಾರ ಅವನಿಗೆ ಕೊನೇವರೆಗೂ ಕಾಟ ಕೊಟ್ಟಿದ್ದು ಇದೇ.

ಆಗ್ಸ್‌ಬರ್ಗ್ ಕಾರ್ಖಾನೆಯಲ್ಲಿ 1893ರ ಆಗಸ್ಟ್‌ನಲ್ಲಿ ಮೊದಲ ಟ್ರಯಲ್. ಒತ್ತಡ ಅಳೆಯೋ ಉಪಕರಣವೇ ಸಿಡಿದು ಹಾರಿತು. 1894ರ ಫೆಬ್ರವರಿಯಲ್ಲಿ ಎಂಜಿನ್ ತಾನಾಗೇ ಓಡಿದ್ದು ಒಂದು ನಿಮಿಷ. ಆಮೇಲೆ ಮೂರು ವರ್ಷ ಮತ್ತೆ ಮತ್ತೆ ಬಿಚ್ಚಿ ಕಟ್ಟೋದು. 1897ರ ಫೆಬ್ರವರಿ 17ರಂದು ಪ್ರೊಫೆಸರ್ ಶ್ರೋಟರ್ ಪರೀಕ್ಷೆ ಮಾಡಿದಾಗ ಎಫಿಷಿಯೆನ್ಸಿ 26.2%.

ದುಡ್ಡು ಬಂತು, ಬಂಗಲೆ ಬಂತು. ಹಾಕಿದ ಬಂಡವಾಳ ಮುಳುಗ್ತಾ ಹೋಯ್ತು, ಆರೋಗ್ಯ ಕೆಟ್ಟಿತು. ಜೊತೆಗೆ, ಪೇಟೆಂಟ್‌ನಲ್ಲಿ ಬರೆದ ಎಂಜಿನ್ ಬೇರೆ, ಓಡ್ತಿರೋದು ಬೇರೆ ಅನ್ನೋ ಟೀಕೆ. 1912ರಲ್ಲಿ ಹಡಗು ಎಂಜಿನಿಯರುಗಳ ಸಭೆಯಲ್ಲಿ ಎಂಜಿನ್ ಹುಟ್ಟಿದ ಕಥೆ ಹೇಳಹೋದಾಗ ಎದುರಿಗೇ ಜಾಡಿಸಿದರು. ಮಾತಲ್ಲಿ ಸತ್ಯ ಇತ್ತು, ಆದ್ರೆ ಓಡೋ ಎಂಜಿನ್ ಕಟ್ಟಿದ್ದೂ ಇವನೇ ತಾನೇ?

1913ರ ಸೆಪ್ಟೆಂಬರ್ 29ರ ರಾತ್ರಿ ಇಂಗ್ಲೆಂಡ್‌ಗೆ ಹೊರಟಿದ್ದ ಡ್ರೆಸ್ಡನ್ ಹಡಗಿನಲ್ಲಿ ಊಟ ಮುಗಿಸಿ ಕ್ಯಾಬಿನ್‌ಗೆ ಹೋದವನು ಬೆಳಿಗ್ಗೆ ಇರಲಿಲ್ಲ. ಕೆಲವು ದಿನದ ಮೇಲೆ ಡಚ್ ದೋಣಿಯವರಿಗೆ ಹೆಣ ಸಿಕ್ತು. ಜೇಬಿನ ಸಾಮಾನು ತಗೊಂಡು ಹೆಣವನ್ನ ಸಮುದ್ರಕ್ಕೇ ಬಿಟ್ಟರು. ಸಾಮಾನು ಗುರುತಿಸಿದ್ದು ಮಗ. ಕೊಲೆ ಅನ್ನೋ ಕಥೆಗಳು ಬೇಕಾದಷ್ಟಿವೆ, ಸಾಲದ ಹೊರೆ ನೋಡಿದರೆ ಆತ್ಮಹತ್ಯೆ ಅನ್ನಿಸುತ್ತೆ.

ಅವನ ಎಂಜಿನ್ ಲಾರಿಗೆ ಬಂದಿದ್ದು 1920ರ ದಶಕದಲ್ಲಿ. ಅವನ ಕಾಲದಲ್ಲಿ ಇಂಧನ ಊದೋಕೆ ಬೇರೆ ಕಂಪ್ರೆಸರ್ ಬೇಕಿತ್ತು, ಲಾರಿಗೆ ಅದು ತೀರಾ ಭಾರ. ಇನ್ನು ಎಳೆಯೋ ಶಕ್ತಿ ನಿಂತಿರೋದು ಇಂಧನ ಎಷ್ಟು ಹೋಯ್ತು ಅನ್ನೋದರ ಮೇಲಲ್ಲ, ಒಳಗಿರೋ ಗಾಳಿಯಲ್ಲಿ ಎಷ್ಟು ಪೂರ್ತಿ ಉರಿಯಿತು ಅನ್ನೋದರ ಮೇಲೆ. ಹೊರಹೋಗೋ ಹೊಗೆಯಿಂದಲೇ ಟರ್ಬೈನ್ ತಿರುಗಿಸಿ ಹೆಚ್ಚು ಗಾಳಿ ತುಂಬೋ ಟರ್ಬೊಗೆ ಸ್ವಿಟ್ಜರ್ಲೆಂಡ್‌ನ ಆಲ್ಫ್ರೆಡ್ ಬ್ಯೂಖಿ 1905ರಲ್ಲೇ ಪೇಟೆಂಟ್ ತಗೊಂಡಿದ್ದ, ಡೀಸೆಲ್ ಬದುಕಿದ್ದಾಗಲೇ.

ಟರ್ಬೊ ಇಲ್ಲದ ಹಳೇ ಲಾರಿಗೆ ಸಿಗೋ ಗಾಳಿ ಇಷ್ಟೇ. ಅದನ್ನ ಮೀರಿ ಸ್ಕ್ರೂ ತಿರುಗಿಸಿದರೆ ಮಿಕ್ಕ ಡೀಸೆಲ್ ಮಸಿ ಆಗುತ್ತೆ, ಎಂಜಿನ್ ಕಾದು ಪಿಸ್ಟನ್ ತಲೆಯೇ ಕರಗಬಹುದು. ಅದಕ್ಕೆ ಮೊದಲು ಏರ್ ಫಿಲ್ಟರ್ ಬಿಚ್ಚಿ ನೋಡಬೇಕು, ಆಮೇಲೆ ಟ್ಯಾಪೆಟ್ ಗ್ಯಾಪ್, ನಾಝಲ್, ಕಂಪ್ರೆಶನ್. ಸ್ಕ್ರೂ ಕೊನೇಗೆ, ಅದೂ ಪಂಪನ್ನ ಬಿಚ್ಚಿ ಟೆಸ್ಟ್ ಬೆಂಚ್ ಮೇಲೆ ಕೂರಿಸಿ.