ಪಂಡಿತೆ ರಮಾಬಾಯಿಯವರೂ ಸಣ್ಣ ಸಭೆಯ ಅನ್ಯೋನ್ಯತೆಯೂ



ಶಾಲೆಯನ್ನು ಬಿಟ್ಟು ಮನೆವಾರ್ತೆಗೂ ಉದ್ಯೋಗಕ್ಕೂ ಹೋದ ನಮ್ಮ ಮಕ್ಕಳು ಆಗಾಗ್ಗೆ ನಮಗೆ ಬರೆಯುವುದುಂಟು. ಆ ಕಾಗದಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಕಾಣಬರುತ್ತದೆ. ವಿದ್ಯಾರ್ಥಿನಿ ನಿಲಯದಲ್ಲಿದ್ದಾಗ ಬೆಳಗೂ ಬೈಗೂ ಪ್ರಾರ್ಥನೆಯಿತ್ತು, ಸಂಗಡ ಹಾಡುವವರಿದ್ದರು, ಸಂದೇಹ ಬಂದರೆ ಕೇಳಲು ಹಿರಿಯರಿದ್ದರು. ಈಗ ನಾವಿರುವ ಊರಿನಲ್ಲಿ ಸಭೆಯೆಂದರೆ ಹತ್ತು ಹನ್ನೆರಡು ಮನೆಗಳು ಮಾತ್ರ, ನಮಗೆ ದಾರಿ ತೋರಿಸುವವರು ಯಾರು ಎಂಬುದೇ ಆ ಮಾತಿನ ಸಾರ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯಲ್ಲಿ ಬಾಳುವ ನಮಗೆಲ್ಲರಿಗೂ ಈ ಪ್ರಶ್ನೆಯು ಹೊಸದಲ್ಲ. ಅದಕ್ಕೆ ಉಪದೇಶದಿಂದ ಉತ್ತರ ಕೊಡುವುದಕ್ಕಿಂತ ಒಂದು ಜೀವಿತದಿಂದ ಉತ್ತರ ಕೊಡುವುದು ಲೇಸೆಂದೆಣಿಸಿ, ನಮ್ಮ ಕನ್ನಡ ನಾಡಿನಲ್ಲಿಯೇ ಹುಟ್ಟಿ ಲೋಕಪ್ರಸಿದ್ಧರಾದ ಪಂಡಿತೆ ರಮಾಬಾಯಿಯವರ ಚರಿತ್ರೆಯನ್ನು ಇಲ್ಲಿ ಸಂಕ್ಷೇಪವಾಗಿ ಬರೆಯುತ್ತೇವೆ.

ತುಂಗೆ, ಭದ್ರೆ, ನೇತ್ರಾವತಿಗಳು ಹುಟ್ಟುವ ಗಂಗಾಮೂಲವೆಂಬ ಸ್ಥಳವು ಪಶ್ಚಿಮಘಟ್ಟದ ದಟ್ಟವಾದ ಅಡವಿಯಲ್ಲಿದೆ. ಅಲ್ಲಿ 1858ನೆಯ ಇಸವಿ ಏಪ್ರಿಲ್ 23ರಂದು ರಮಾಬಾಯಿಯವರು ಹುಟ್ಟಿದರು. ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಕಾರ್ಕಳದ ಕಡೆಯ ಮನೆತನಕ್ಕೆ ಸೇರಿದ ಮಹಾವಿದ್ವಾಂಸರು. ಹೆಂಗಸರಿಗೆ ಸಂಸ್ಕೃತ ಕಲಿಸುವುದು ಅಧರ್ಮವೆಂದು ಜನರು ಎಣಿಸುತ್ತಿದ್ದ ಕಾಲದಲ್ಲಿ ಅವರು ತಮ್ಮ ಪತ್ನಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಿದರು. ಇದಕ್ಕಾಗಿ ನಿಂದೆಗೆ ಗುರಿಯಾಗಿ, ಉಡುಪಿಯ ವಿದ್ವತ್ಸಭೆಯ ಮುಂದೆ ನಿಂತು ಶಾಸ್ತ್ರಗಳಿಂದಲೇ ತಮ್ಮ ಪಕ್ಷವನ್ನು ಸಾಧಿಸಬೇಕಾಯಿತು. ಆ ತಾಯಿಯೇ ಮುಂದೆ ಮಗಳಿಗೆ ಗುರುವಾದಳು. ನಮ್ಮಲ್ಲಿ ಹೆಣ್ಣುಮಕ್ಕಳ ಪುಸ್ತಕಕ್ಕೆ ಹಣ ಖರ್ಚುಮಾಡುವ ತಂದೆಗಳು ಈ ಅರಣ್ಯವಾಸಿಯಾದ ಬ್ರಾಹ್ಮಣನನ್ನು ಕೃತಜ್ಞತೆಯಿಂದ ನೆನೆಯಬೇಕು.

ರಮಾಬಾಯಿಯವರು ಇನ್ನೂ ಎಳೆಯ ಕೂಸಾಗಿರುವಾಗಲೇ ಈ ಕುಟುಂಬವು ಇದ್ದ ಆಸ್ತಿಯನ್ನು ಕಳೆದುಕೊಂಡು ತೀರ್ಥಯಾತ್ರೆಗೆ ಹೊರಟಿತು. ಕೂಸನ್ನು ಬೆತ್ತದ ಪೆಟ್ಟಿಗೆಯಲ್ಲಿಟ್ಟು ಆಳೊಬ್ಬನ ತಲೆಯ ಮೇಲೆ ಹೊರಿಸಿಕೊಂಡು ಘಟ್ಟವನ್ನು ಇಳಿದರಂತೆ. ಅಂದಿನಿಂದ ಅವರಿಗೆ ಒಂದು ಊರೆಂಬುದಿರಲಿಲ್ಲ. ದೇವಸ್ಥಾನಗಳ ಬಳಿ ಪುರಾಣವನ್ನೋದಿ, ಕೇಳಿದವರು ಕೊಟ್ಟುದರಲ್ಲಿ ಜೀವಿಸುತ್ತಿದ್ದರು. ಹೀಗೆ ನಡೆಯುತ್ತ ನಡೆಯುತ್ತಲೇ ಬಾಲಿಕೆಯು ಭಾಗವತವನ್ನು ಬಾಯಿಪಾಠ ಮಾಡಿದಳು. ಮರಾಠಿ, ಕನ್ನಡ, ಹಿಂದುಸ್ತಾನಿಗಳನ್ನು ಕಲಿತಳು. ಆದರೆ 1870ರ ದಶಕದ ಕ್ಷಾಮದಲ್ಲಿ ಕೈಯಲ್ಲಿದ್ದುದೆಲ್ಲವೂ ಮುಗಿಯಿತು. ಭಿಕ್ಷೆಬೇಡಲು ಮಾನ ಅಡ್ಡಬಂತು. ಕೂಲಿಮಾಡಲು ಯಾರಿಗೂ ತಿಳಿಯದು. ತಂದೆ, ತಾಯಿ, ಅಕ್ಕ ಮೂವರೂ ಒಬ್ಬರ ಹಿಂದೊಬ್ಬರು ತೀರಿಕೊಂಡರು. ಉಳಿದವರು ಅಣ್ಣ ಶ್ರೀನಿವಾಸ ಮತ್ತು ರಮಾ ಇಬ್ಬರೇ. ಸಾವಿರಾರು ಮೈಲಿ ಕಾಲ್ನಡೆಯಲ್ಲಿ ಅಲೆದು, 1878ರಲ್ಲಿ ಇವರಿಬ್ಬರೂ ಕಲ್ಕತ್ತೆಯನ್ನು ಸೇರಿದರು. ಅಲ್ಲಿಯ ಪಂಡಿತರು ಈ ಯುವತಿಯ ವಿದ್ವತ್ತನ್ನು ಪರೀಕ್ಷಿಸಿ ಬೆರಗಾಗಿ ಪಂಡಿತೆಯೆಂದೂ ಸರಸ್ವತಿಯೆಂದೂ ಬಿರುದು ಕೊಟ್ಟರು.

ಕ್ರೈಸ್ತರ ಕೂಟವನ್ನು ರಮಾಬಾಯಿಯವರು ಮೊದಲು ಕಂಡದ್ದು ಕಲ್ಕತ್ತೆಯಲ್ಲಿ. ಆ ಸಂಗತಿಯನ್ನು ಕೇಳಿದರೆ ಈಗಲೂ ನಗು ಬರುತ್ತದೆ. ಅಲ್ಲಿ ನೆರೆದವರು ಪ್ರಾರ್ಥನೆಗಾಗಿ ತಮ್ಮ ಕುರ್ಚಿಗಳ ಮುಂದೆ ಮೊಣಕಾಲೂರಿದ್ದನ್ನು ಕಂಡು, ಇವರು ಕುರ್ಚಿಗಳನ್ನೇ ಪೂಜಿಸುವರೆಂದು ಅಣ್ಣತಂಗಿಯರು ತಿಳಿದರು. ಹೊರಡುವಾಗ ಸಂಸ್ಕೃತದ ಸತ್ಯವೇದವೊಂದನ್ನು ಅವರ ಕೈಗೆ ಕೊಟ್ಟರು. ಆದರೆ ಅದರ ಶೈಲಿಯು ತಿಳಿಯದೆ ಅವರು ಅದನ್ನು ಬದಿಗಿಟ್ಟರು. ನಮ್ಮ ಸಣ್ಣ ಸಭೆಗಳಿಗೆ ಹೊಸಬರು ಬಂದಾಗ ನಮ್ಮ ಆಚಾರಗಳು ಅವರ ಕಣ್ಣಿಗೆ ಹೇಗೆ ಕಾಣುವುವೆಂದು ನಾವು ಎಂದಾದರೂ ಯೋಚಿಸಿದ್ದೇವೆಯೇ? ಪುಸ್ತಕ ಕೊಟ್ಟರೆ ಸಾಲದು, ಬಳಿಯಲ್ಲಿ ಕುಳಿತು ತಿಳಿಸುವವರು ಬೇಕು.

1880ರಲ್ಲಿ ಅಣ್ಣನು ಮರಣಹೊಂದಿದನು. ಅದೇ ವರ್ಷ ನವಂಬರಿನಲ್ಲಿ ರಮಾಬಾಯಿಯವರು ಬಿಪಿನ್ ಬಿಹಾರಿ ದಾಸ್ ಮೇಧಾವಿ ಎಂಬ ಬಂಗಾಳಿ ವಕೀಲರನ್ನು ಜಾತಿಯ ಕಟ್ಟನ್ನು ಮೀರಿ ವಿವಾಹವಾಗಿ, ಅಸ್ಸಾಮಿನ ಸಿಲ್ಚಾರಿನಲ್ಲಿ ಸಂಸಾರ ಹೂಡಿದರು. ಅಲ್ಲಿ ಮನೆಯ ಪುಸ್ತಕಗಳ ನಡುವೆ ಬಂಗಾಳಿ ಭಾಷೆಯ ಲೂಕನ ಸುವಾರ್ತೆಯೊಂದು ಅವರಿಗೆ ದೊರಕಿತು. ಆ ಊರಿನಲ್ಲಿದ್ದ ಅಲೆನ್ ಎಂಬ ಮಿಷನೆರಿಯು ಮನೆಗೆ ಬಂದು ಆದಿಕಾಂಡವನ್ನು ವಿವರಿಸುತ್ತಿದ್ದರು. ಪತ್ನಿಗೆ ಈ ಮಾರ್ಗದಲ್ಲಿ ಮನಸ್ಸು ಹೋಗುವುದು ಪತಿಗೆ ಹಿಡಿಸಲಿಲ್ಲ. ಅಷ್ಟರಲ್ಲಿ, 1882ರ ಫೆಬ್ರವರಿಯಲ್ಲಿ, ವಾಂತಿಭೇದಿಯ ರೋಗದಿಂದ ಅವರು ತೀರಿಕೊಂಡರು. ಮಗಳು ಮನೋರಮೆಯನ್ನು ಎತ್ತಿಕೊಂಡು ವಿಧವೆಯಾದ ರಮಾಬಾಯಿಯವರು ಪುಣೆಗೆ ಬಂದು ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿದರು. ಹಂಟರ್ ವಿದ್ಯಾ ಕಮಿಷನ್ನಿನ ಮುಂದೆ ಸ್ತ್ರೀ ಉಪಾಧ್ಯಾಯಿನಿಯರೂ ಸ್ತ್ರೀ ವೈದ್ಯರೂ ಬೇಕೆಂದು ವಾದಿಸಿದರು. ಪುಣೆಯಲ್ಲಿ ಮಿಸ್ ಹರ್ಫರ್ಡ್ ಎಂಬ ಉಪಾಧ್ಯಾಯಿನಿಯಿಂದ ಇಂಗ್ಲಿಷನ್ನೂ ಹೊಸ ಒಡಂಬಡಿಕೆಯನ್ನೂ ಕಲಿತರು.

1883ರಲ್ಲಿ ಅವರು ವೈದ್ಯವಿದ್ಯೆಗಾಗಿ ಇಂಗ್ಲೆಂಡಿಗೆ ಹೋಗಿ ವಾಂಟೇಜ್ ಎಂಬ ಊರಿನಲ್ಲಿ ಸಂತ ಮರಿಯಳ ಹೆಸರಿನ ಸಹೋದರಿಯರ ಮಠದಲ್ಲಿ ಇಳಿದುಕೊಂಡರು. ಕಿವಿ ಮಂದವಾಗುತ್ತ ಬಂದುದರಿಂದ ವೈದ್ಯವಿದ್ಯೆಯ ಆಶೆಯನ್ನು ಬಿಡಬೇಕಾಯಿತು. ಆದರೆ ಅದಕ್ಕಿಂತ ದೊಡ್ಡದೊಂದು ಅಲ್ಲಿ ದೊರಕಿತು. ಲಂಡನ್ ಸಮೀಪದ ಫುಲ್‌ಹ್ಯಾಮಿನಲ್ಲಿ ಆ ಸಹೋದರಿಯರು ದಾರಿತಪ್ಪಿದ ಹೆಂಗಸರನ್ನು ಪ್ರೀತಿಯಿಂದ ಸಾಕುವ ಆಶ್ರಮವನ್ನು ಅವರು ನೋಡಿದರು. ಇಂಥವರನ್ನು ತುಳಿಯುವುದನ್ನೇ ಕಂಡಿದ್ದ ಅವರಿಗೆ, ಎತ್ತಿ ನಿಲ್ಲಿಸುವುದನ್ನು ಕಂಡು ಹೃದಯವು ಕರಗಿತು. ಇದಕ್ಕೆ ಕಾರಣವೇನೆಂದು ಕೇಳಿದಾಗ, ಸಮಾರ್ಯದ ಸ್ತ್ರೀಯೊಡನೆ ಯೇಸು ಮಾತನಾಡಿದ ವೃತ್ತಾಂತವನ್ನು ಅವರಿಗೆ ಓದಿ ತಿಳಿಸಿದರು. ಸ್ವತಃ ಬ್ರಾಹ್ಮಣ ಕುಲದಿಂದ ಬಂದ ನೆಹೆಮಿಯ ಗೋರೆಯವರ ಬರಹಗಳು ಉಳಿದ ಸಂದೇಹಗಳನ್ನು ನೀಗಿಸಿದುವು. 1883ನೆಯ ಸೆಪ್ಟೆಂಬರ್ 29ರಂದು ತಾಯಿಮಗಳಿಬ್ಬರೂ ದೀಕ್ಷಾಸ್ನಾನ ಹೊಂದಿದರು.

ಚರಿತ್ರೆಯನ್ನು ಇಲ್ಲಿಗೆ ಮುಗಿಸಿದರೆ ಓದಲು ಇಂಪಾಗಿರುತ್ತದೆ. ಆದರೆ ಸತ್ಯವು ಅಷ್ಟು ಸುಲಭವಾಗಿರಲಿಲ್ಲ. ರಮಾಬಾಯಿಯವರು ವಿದ್ವಾಂಸರ ನಡುವೆ ತರ್ಕಮಾಡಿ ಬೆಳೆದವರು. ತಿಳಿಯದ ಬೋಧನೆಗೆ ತಲೆದೂಗುವುದು ಅವರಿಂದಾಗದು. ಅವರ ಆತ್ಮಿಕ ತಾಯಿಯಾದ ಸಿಸ್ಟರ್ ಜೆರಾಲ್ಡಿನ್ ಅವರು ವಿಧೇಯತೆಯನ್ನು ಬಯಸಿದರು. ಶಿಷ್ಯೆಯಾದರೋ ಕಾರಣಗಳನ್ನು ಕೇಳಿದಳು. ಗಂಡುಮಕ್ಕಳಿಗೆ ಪಾಠ ಕಲಿಸಬಾರದೆಂದು ಬಿಷಪರು ಅಭಿಪ್ರಾಯಪಟ್ಟಾಗ, ತಂದೆಯಿಂದ ಬಂದ ಸ್ವಾತಂತ್ರ್ಯವನ್ನು ಯಾರಿಗೂ ಒಪ್ಪಿಸೆನೆಂದು ರಮಾಬಾಯಿಯವರು ನಿಂತರು. ಧರಿಸಬೇಕಾದ ಶಿಲುಬೆಯ ಮೇಲೆ ಲ್ಯಾಟಿನ್ ಅಕ್ಷರಗಳಿರುವುದನ್ನೂ ಒಪ್ಪದೆ, ಸಂಸ್ಕೃತದ ಮಾತುಗಳಿರಲೆಂದು ಕೇಳಿದರು. ಊಟದಲ್ಲಿಯೂ ಸಸ್ಯಾಹಾರವನ್ನು ಬಿಡಲಿಲ್ಲ. ಚೆಲ್ಟನ್‌ಹ್ಯಾಮ್ ಬಾಲಿಕಾ ಕಾಲೇಜಿನ ಮುಖ್ಯೋಪಾಧ್ಯಾಯಿನಿಯಾದ ಡೊರೊತಿಯ ಬೀಲ್ ಅವರು ಮಾತ್ರ ಈ ಪ್ರಶ್ನೆಗಳಿಗೆ ಅಂಜದೆ, ತಾಳ್ಮೆಯಿಂದ ಕಾಗದ ಬರೆದು ಉತ್ತರಿಸುತ್ತಿದ್ದರು.

ಇದನ್ನು ಓದುವಾಗ ನಮ್ಮ ಮನಸ್ಸಾಕ್ಷಿಯು ನಮ್ಮನ್ನು ಚುಚ್ಚುತ್ತದೆ. ನಾವು ಎಳೆಯ ಉಪಾಧ್ಯಾಯಿನಿಯಾಗಿದ್ದಾಗ, ಸತ್ಯವೇದದ ತರಗತಿಯಲ್ಲಿ ಒಬ್ಬ ಹುಡುಗಿಯು ಕಷ್ಟವಾದ ಪ್ರಶ್ನೆಯೊಂದನ್ನು ಕೇಳಿದಳು. ಉತ್ತರ ತಿಳಿಯದ ನಾವು ಅಧಿಕಪ್ರಸಂಗವೆಂದು ಗದರಿಸಿ ಕುಳ್ಳಿರಿಸಿದೆವು. ಅವಳು ಆ ವರ್ಷವೆಲ್ಲ ಮತ್ತೆ ಬಾಯಿ ತೆರೆಯಲಿಲ್ಲ. ಆ ಮೌನವನ್ನು ನಾವು ಆಗ ವಿನಯವೆಂದೆಣಿಸಿದೆವು. ಈಗ ಹಾಗೆ ಎಣಿಸುವುದಿಲ್ಲ.

ಇಷ್ಟೆಲ್ಲ ವಾದವಿದ್ದರೂ ರಮಾಬಾಯಿಯವರು ಜೆರಾಲ್ಡಿನ್ ಅವರನ್ನು ಅಜ್ಜಿಯೆಂದೇ ಕರೆದು ಕಾಗದ ಬರೆಯುವುದನ್ನು ನಿಲ್ಲಿಸಲಿಲ್ಲ. ಮಗಳನ್ನೂ ವಿದ್ಯಾಭ್ಯಾಸಕ್ಕಾಗಿ ಅವರ ವಶಕ್ಕೆ ಕೊಟ್ಟರು. ಆ ವೃದ್ಧೆಯೂ ತನ್ನನ್ನು ನೋಯಿಸಿದ ಕಾಗದಗಳನ್ನು ಹರಿದೆಸೆಯದೆ ಜೋಪಾನಮಾಡಿದರು. 1977ರಲ್ಲಿ ಅವು ಪುಸ್ತಕವಾಗಿ ಅಚ್ಚಾದುವು. ಅಭಿಪ್ರಾಯ ಬೇರೆಯಾದ ಮಾತ್ರಕ್ಕೆ ಅನ್ಯೋನ್ಯತೆಯನ್ನು ಮುರಿಯಬೇಕಾಗಿಲ್ಲವೆಂಬುದಕ್ಕೆ ಇದಕ್ಕಿಂತ ಉತ್ತಮವಾದ ಸಾಕ್ಷಿ ಬೇಡ.

1886ರಲ್ಲಿ ಅಮೆರಿಕಕ್ಕೆ ಹೋದ ಅವರು ಮೇಲ್ಜಾತಿಯ ಹಿಂದೂ ಸ್ತ್ರೀಯರ ಸ್ಥಿತಿಯನ್ನು ಕುರಿತು 1887ರಲ್ಲಿ ಇಂಗ್ಲಿಷಿನಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು. ಬಾಸ್ಟನ್ನಿನ ಸ್ನೇಹಿತರು ಹಣ ಕೂಡಿಸಿಕೊಟ್ಟರು. 1889ನೆಯ ಮಾರ್ಚಿ 11ರಂದು ಬೊಂಬಾಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನವು ತೆರೆಯಿತು. ಮರುವರ್ಷ ಅದು ಪುಣೆಗೆ ಹೋಯಿತು. ಅಲ್ಲಿ ಯಾರನ್ನೂ ಮತಾಂತರಕ್ಕೆ ಒತ್ತಾಯಿಸಬಾರದೆಂಬ ನಿಯಮವಿತ್ತು. ಆದರೆ ತಮ್ಮ ಕೋಣೆಯಲ್ಲಿ ಬಾಗಿಲು ತೆರೆದಿಟ್ಟು ಪ್ರಾರ್ಥಿಸುವ ತಾಯಿಯ ಬಳಿಗೆ ಮಕ್ಕಳು ತಾವಾಗಿ ಬರತೊಡಗಿದಾಗ ಊರಿನಲ್ಲಿ ಕೋಲಾಹಲವೆದ್ದಿತು. 1893ರಲ್ಲಿ ರಾನಡೆ, ಭಂಡಾರಕರ್ ಮೊದಲಾದ ಹಿತೈಷಿಗಳು ಸಲಹಾಮಂಡಲಿಯನ್ನು ಬಿಟ್ಟರು. ಅನೇಕ ಪೋಷಕರು ಮಕ್ಕಳನ್ನು ಕರೆದುಕೊಂಡುಹೋದರು. ಹೆತ್ತವರ ಭಯವನ್ನು ನಾವು ಹಗುರವಾಗಿ ಕಾಣಲಾರೆವು. ಮಗಳನ್ನು ಶಾಲೆಗೆ ಒಪ್ಪಿಸುವವರ ನಂಬಿಕೆಯೂ ಪವಿತ್ರವಾದುದೇ.

ಈ ಕಾಲದಲ್ಲಿಯೇ ಅವರ ಅಂತರಂಗದಲ್ಲಿ ಬೇರೊಂದು ಕೆಲಸ ನಡೆಯುತ್ತಿತ್ತು. ದೀಕ್ಷಾಸ್ನಾನವಾಗಿ ಸುಮಾರು ಎಂಟು ವರ್ಷಗಳ ತರುವಾಯ, ಹ್ಯಾಸ್ಲಮ್ ಎಂಬ ಬೋಧಕರ ಜೀವನವೃತ್ತಾಂತವನ್ನು ಓದುತ್ತಿರುವಾಗ, ತಮಗೆ ಕ್ರೈಸ್ತಧರ್ಮವು ದೊರಕಿತ್ತೇ ಹೊರತು ಕ್ರಿಸ್ತನು ದೊರಕಿರಲಿಲ್ಲವೆಂದು ಅವರಿಗೆ ಹೊಳೆಯಿತು. ಅಂದಿನಿಂದ ಅವರು ಬುದ್ಧಿಯ ಸಂಗಡ ಹೃದಯವನ್ನೂ ಒಪ್ಪಿಸಿದರು. 1890ರ ದಶಕದ ನಡುವೆ ಲೋಣಾವಳದ ಅಡವಿಯಲ್ಲಿ ನಡೆದ ಕ್ರೈಸ್ತಕೂಟದಲ್ಲಿ, ಬೆಳಗಿನ ಜಾವದಲ್ಲಿ ಪ್ರಾರ್ಥಿಸುತ್ತ, ತಮ್ಮ ಸಂಗಡ ನಂಬಿದ ಹುಡುಗಿಯರೆಷ್ಟು ಮಂದಿಯೆಂದು ಎಣಿಸಿದರು. ಹದಿನೈದೇ ಮಂದಿ! ಹದಿನೈದನ್ನು ಹದಿನೈದರಿಂದ ಗುಣಿಸಿದಷ್ಟು ಮಕ್ಕಳನ್ನು ಕೊಡಬೇಕೆಂದು ದೇವರನ್ನು ಬೇಡಿಕೊಂಡರು.

ಉತ್ತರವು ಕ್ಷಾಮದ ರೂಪದಲ್ಲಿ ಬಂದಿತು. 1896-97ರಲ್ಲಿ ಮಧ್ಯಪ್ರಾಂತ್ಯಗಳಲ್ಲಿ ಹಸಿವಿನಿಂದ ಸಾಯುತ್ತಿದ್ದ ಹೆಂಗಸರನ್ನೂ ಮಕ್ಕಳನ್ನೂ, ಒಮ್ಮೆ ತಾವೂ ಹಾಗೆಯೇ ಹಸಿದಿದ್ದುದನ್ನು ನೆನೆದು, ಸುಮಾರು 300 ಮಂದಿಯಷ್ಟು ಕರೆತಂದರು. ಪುಣೆಗೆ ಮೂವತ್ತು ನಾಲ್ವತ್ತು ಮೈಲಿ ದೂರದ ಕೇಡಗಾಂವಿನಲ್ಲಿ ತೋಟಕ್ಕಾಗಿ ಕೊಂಡಿದ್ದ ಹೊಲದಲ್ಲಿ ಮುಕ್ತಿ ಎಂಬ ಸದನವೆದ್ದಿತು. 1900ರ ಗುಜರಾತಿನ ಕ್ಷಾಮದ ತರುವಾಯ ಅಲ್ಲಿಯ ಜನಸಂಖ್ಯೆಯು ಎರಡು ಸಾವಿರಕ್ಕೆ ಸಮೀಪವಾಯಿತು. ನೆಯ್ಗೆ, ಎಣ್ಣೆಯ ಗಾಣ, ಹೈನು, ತೋಟಗಾರಿಕೆ, ಮುದ್ರಣಾಲಯ, ಇವೆಲ್ಲವನ್ನೂ ಹೆಂಗಸರೇ ನಡೆಸಿದರು. ಕುರುಡರಿಗೆ ಬೆರಳಿನಿಂದ ಓದುವ ಬ್ರೈಲ್ ಲಿಪಿಯನ್ನು ಮನೋರಮೆಯು ಕಲಿಸಿದಳು. ಅಲ್ಲಿಯ ಸಭೆಯನ್ನು ರಮಾಬಾಯಿಯವರು ಯಾವ ಒಂದು ಪಂಗಡಕ್ಕೂ ಕಟ್ಟಿಹಾಕಲಿಲ್ಲ. 1905ರ ಆರಂಭದಲ್ಲಿ ಸುಮಾರು 70 ಮಂದಿ ದಿನವೂ ಕೂಡಿ ಪ್ರಾರ್ಥಿಸತೊಡಗಿದರು. ಆ ವರ್ಷದ ನಡುವೆ ಅಲ್ಲಿ ಮಹಾ ಆತ್ಮಿಕ ಉಜ್ಜೀವನವಾಯಿತು.

ಕನ್ನಡ ಸೀಮೆಯನ್ನೂ ಅವರು ಮರೆಯಲಿಲ್ಲ. 1912ರಲ್ಲಿ ಆಗ ನಿಜಾಮರ ರಾಜ್ಯಕ್ಕೆ ಸೇರಿದ್ದ ಗುಲ್ಬರ್ಗದಲ್ಲಿ, ಅಂದರೆ ಈಗಿನ ಕಲಬುರಗಿಯಲ್ಲಿ, ಮಗಳ ನೆರವಿನಿಂದ ಕ್ರೈಸ್ತ ಶಾಲೆಯನ್ನು ತೆರೆದರು. ಕಡೆಯ ವರ್ಷಗಳಲ್ಲಿ ಅವರು ಹಿಡಿದ ಕೆಲಸ ಒಂದೇ: ಕಲ್ಕತ್ತೆಯಲ್ಲಿ ತಮಗೆ ತಿಳಿಯದ ಶೈಲಿಯ ಸತ್ಯವೇದ ದೊರೆತಂತೆ ಓದುಬರಹ ಕಡಮೆಯಾದ ಹೆಂಗಸರಿಗೆ ಆಗಬಾರದೆಂದು, ಇಬ್ರಿಯ ಗ್ರೀಕ್ ಭಾಷೆಗಳನ್ನು ಕಲಿತು ಸತ್ಯವೇದವನ್ನೆಲ್ಲ ಸರಳವಾದ ಮರಾಠಿಗೆ ತಿರುಗಿಸಿದರು. ಅಚ್ಚಿನ ಮೊಳೆ ಜೋಡಿಸಿದವರು ಮುಕ್ತಿಯ ಹೆಣ್ಣುಮಕ್ಕಳೇ. 1921ರಲ್ಲಿ ಮನೋರಮೆಯು ತೀರಿಕೊಂಡಳು. ಆ ದುಃಖದಲ್ಲಿಯೂ ತಾಯಿಯು ಕೆಲಸವನ್ನು ನಿಲ್ಲಿಸದೆ ಭಾಷಾಂತರವನ್ನು ಪೂರೈಸಿ, 1922ನೆಯ ಏಪ್ರಿಲ್ 5ರಂದು ನಿದ್ರೆಯಲ್ಲಿಯೇ ಪ್ರಭುವನ್ನು ಸೇರಿದರು. ಮುಕ್ತಿ ಸದನವು ಇಂದಿಗೂ ಕೇಡಗಾಂವಿನಲ್ಲಿ ಕೆಲಸ ನಡೆಸುತ್ತಿದೆ.

ಪ್ರಿಯ ಮಕ್ಕಳೇ, ಈ ಜೀವಿತದಲ್ಲಿ ದಾರಿತೋರಿಸಿದವರನ್ನು ಎಣಿಸಿನೋಡಿರಿ. ಸಿಲ್ಚಾರಿನಲ್ಲಿ ಒಬ್ಬ ಮಿಷನೆರಿ, ಪುಣೆಯಲ್ಲಿ ಒಬ್ಬ ಉಪಾಧ್ಯಾಯಿನಿ, ವಾಂಟೇಜಿನಲ್ಲಿ ಕೆಲವರು ಸಹೋದರಿಯರು, ಕಾಗದದ ಮೂಲಕ ಗೋರೆಯವರು, ಕಡೆಗೆ ಹದಿನೈದು ಹುಡುಗಿಯರು. ದೊಡ್ಡ ಸಭೆಯೊಂದು ಅವರನ್ನು ನಡಿಸಲಿಲ್ಲ. ಅಲ್ಲಲ್ಲಿ ಕೆಲವರು ನಡಿಸಿದರು. ಆದಕಾರಣ ನಿಮ್ಮ ಊರಿನ ಸಭೆಯು ಸಣ್ಣದೆಂದು ಕುಂದಬೇಡಿರಿ. ಅಲ್ಲಿ ಓದಲು ಬಾರದ ಅಜ್ಜಿಯಿದ್ದರೆ ಅವಳಿಗೆ ಓದಿಹೇಳಿರಿ. ಹೊಸಬಳು ಬಂದರೆ ಪಕ್ಕದಲ್ಲಿ ಕುಳಿತುಕೊಳ್ಳಿರಿ. ಸಂದೇಹ ಬಂದರೆ ನಿಮ್ಮ ಸಭಾಪಾಲಕರನ್ನು ಅಂಜದೆ ಕೇಳಿರಿ. ತಂದೆತಾಯಿಗಳೇ, ಮಗಳು ಪ್ರಶ್ನೆ ಕೇಳಿದರೆ, ನಾವು ಮಾಡಿದ ತಪ್ಪನ್ನು ನೀವು ಮಾಡಬೇಡಿರಿ. ಅಂದು ನಾವು ಗದರಿಸಿದ ಆ ಹುಡುಗಿಯು ಈ ಸಂಚಿಕೆಯನ್ನು ಓದುವುದಾದರೆ, ಅವಳು ಒಮ್ಮೆ ಶಾಲೆಗೆ ಬರಲಿ. ಆ ಪ್ರಶ್ನೆಯನ್ನು ಮತ್ತೊಮ್ಮೆ ಕೇಳಲಿ. ಉತ್ತರವು ಈಗಲೂ ನಮಗೆ ಪೂರ್ತಿಯಾಗಿ ತಿಳಿಯದು. ಆದರೆ ಈ ಸಲ ನಾವು ಅವಳ ಸಂಗಡ ಕುಳಿತು ಹುಡುಕುವೆವು.