ರಹದಾರಿಯ ಒಡೆತನ: ಸರಖೇಲ ಕಾನ್ಹೋಜಿ ಆಂಗ್ರೆಯ ಜೀವನ

ಒಬ್ಬನೇ ವ್ಯಕ್ತಿಯನ್ನು ಒಂದು ಭಾಷೆಯ ದಾಖಲೆಗಳು ಕಡಲ್ಗಳ್ಳನೆಂದೂ ಮತ್ತೊಂದು ಭಾಷೆಯ ದಾಖಲೆಗಳು ನೌಕಾಪಡೆಯ ಅಧಿಪತಿಯೆಂದೂ ಕರೆದಿರುವ ನಿದರ್ಶನ ಭಾರತದ ಪಶ್ಚಿಮ ಕರಾವಳಿಯ ಚರಿತ್ರೆಯಲ್ಲಿದೆ. ಮರಾಠ ನೌಕಾಬಲದ ಸರಖೇಲನಾಗಿದ್ದ ಕಾನ್ಹೋಜಿ ಆಂಗ್ರೆಯೇ (1669-1729) ಆ ವ್ಯಕ್ತಿ. ಈ ಎರಡು ಹೆಸರುಗಳ ನಡುವಣ ಅಂತರವನ್ನು ಕೇವಲ ಅಭಿಮಾನ ಅಥವಾ ದ್ವೇಷದ ಫಲವೆಂದು ತಳ್ಳಿಹಾಕಲಾಗದು. ಕಡಲಿನ ಮೇಲೆ ಅಧಿಕಾರ ಯಾರದು ಎಂಬ ಪ್ರಶ್ನೆಗೆ ಹದಿನೆಂಟನೆಯ ಶತಮಾನದ ಆರಂಭದಲ್ಲಿ ದೊರೆತ ಎರಡು ಭಿನ್ನ ಉತ್ತರಗಳಾಗಿ ಅವನ್ನು ನೋಡಬೇಕಾಗುತ್ತದೆ. ಈ ದೃಷ್ಟಿಯಿಂದ ಕಾನ್ಹೋಜಿಯ ಜೀವನವನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಹದಿನಾರನೆಯ ಶತಮಾನದ ಮೊದಲ ದಶಕಗಳಲ್ಲಿಯೇ ಪೋರ್ಚುಗೀಸರು ಅರಬ್ಬಿ ಸಮುದ್ರದಲ್ಲಿ ರಹದಾರಿ ಪದ್ಧತಿಯನ್ನು ಜಾರಿಗೆ ತಂದಿದ್ದರು. ಅವರ ಪತ್ರವಿಲ್ಲದೆ ಸಂಚರಿಸುವ ನಾವೆಯನ್ನು ಹಿಡಿಯುವುದು, ಸರಕನ್ನು ವಶಪಡಿಸಿಕೊಳ್ಳುವುದು ಅವರ ಪಾಲಿಗೆ ನ್ಯಾಯಸಮ್ಮತವಾಗಿತ್ತು. ನೆಲದ ಮೇಲೆ ಬಲಿಷ್ಠರಾಗಿದ್ದ ದೇಶೀಯ ಅರಸರು ಕೂಡ ತಮ್ಮ ಬಂದರಿನ ಹಡಗುಗಳಿಗೆ ಪರಕೀಯರ ಪತ್ರವನ್ನು ಪಡೆಯಬೇಕಾಗಿ ಬಂದದ್ದು ಈ ವ್ಯವಸ್ಥೆಯ ಪರಿಣಾಮ. ಕಲ್ಯಾಣ ಮತ್ತು ಭಿವಂಡಿಗಳನ್ನು ಗೆದ್ದ ಬಳಿಕ ಶಿವಾಜಿ ನೌಕಾನಿರ್ಮಾಣಕ್ಕೆ ಕೈಹಾಕಿದ್ದನ್ನು ಈ ಹಿನ್ನೆಲೆಯಲ್ಲಿ ಗ್ರಹಿಸಬೇಕು. 1665ರಲ್ಲಿ ಅವನ ಹಡಗುಗಳು ಕೆಳದಿ ರಾಜ್ಯದ ಸಂಪದ್ಭರಿತ ಬಂದರಾದ ಬಸ್ರೂರಿನ ಮೇಲೆ ಎರಗಿದ್ದು ಕನ್ನಡ ಕರಾವಳಿಯ ಚರಿತ್ರೆಗೂ ಸೇರಿದ ಸಂಗತಿ. ಸಿಂಧುದುರ್ಗ, ವಿಜಯದುರ್ಗ, ಸುವರ್ಣದುರ್ಗ, ಖಾಂದೇರಿ, ಕುಲಾಬಾಗಳಂತಹ ಜಲದುರ್ಗಗಳ ಸಾಲು ಈ ನೌಕಾಬಲದ ಬೆನ್ನೆಲುಬಾಯಿತು.

ಕಾನ್ಹೋಜಿಯ ತಂದೆ ತುಕೋಜಿ ಶಿವಾಜಿಯ ಸೇವೆಯಲ್ಲಿದ್ದವನು. ಕುಟುಂಬದ ಮೂಲ ಅಡ್ಡಹೆಸರು ಸಂಕಪಾಳ. ಆಂಗರವಾಡಿ ಎಂಬ ಊರಿನಿಂದ ಆಂಗ್ರೆ ಎಂಬ ಹೆಸರು ರೂಢಿಗೆ ಬಂದಿತು. ಕಾನ್ಹೋಜಿ ಬೆಳೆದದ್ದು ಸುವರ್ಣದುರ್ಗದ ಪರಿಸರದಲ್ಲಿ, ಕೋಳಿ ಮತ್ತು ಭಂಡಾರಿ ಸಮುದಾಯಗಳ ನಾವಿಕರ ನಡುವೆ. ಗಾಳಿಯ ದಿಕ್ಕು, ಉಬ್ಬರವಿಳಿತದ ಹೊತ್ತು, ಅಳಿವೆಗಳ ಆಳ, ನೀರಿನಡಿಯ ಬಂಡೆಗಳ ನೆಲೆ ಇವು ಅವನ ವಿದ್ಯಾಭ್ಯಾಸದ ವಿಷಯಗಳಾಗಿದ್ದವೆನ್ನಬಹುದು.

1689ರಲ್ಲಿ ಸಂಭಾಜಿಯ ವಧೆಯಾಗಿ ರಾಯಗಡ ಮೊಗಲರ ವಶವಾಯಿತು. ಜಿಂಜಿಯತ್ತ ಹೊರಟ ರಾಜಾರಾಮನಿಗೆ ಕೆಳದಿಯ ಚೆನ್ನಮ್ಮಾಜಿ ಆಶ್ರಯವಿತ್ತ ಪ್ರಸಂಗ ಕನ್ನಡಿಗರಿಗೆ ಸುಪರಿಚಿತ. ಅರಸನು ದೂರವಿದ್ದು ರಾಜ್ಯವೇ ಚದುರಿಹೋದಂತಿದ್ದ ಆ ಕಾಲದಲ್ಲಿ ಕೊಂಕಣದ ಕೋಟೆಗಳನ್ನು ಮೊಗಲರಿಂದಲೂ ಜಂಜೀರದ ಸಿದ್ದಿಗಳಿಂದಲೂ ಕಾಪಾಡಿಕೊಂಡವರಲ್ಲಿ ಕಾನ್ಹೋಜಿ ಪ್ರಮುಖನು. 1698ರಲ್ಲಿ ಸಿಧೋಜಿ ಗುಜರನು ತೀರಿಕೊಂಡ ಬಳಿಕ ನೌಕಾಬಲದ ನಾಯಕತ್ವ ಅವನಿಗೆ ಬಂದಿತು. ಕುಲಾಬಾ ಅವನ ಮುಖ್ಯ ನೆಲೆಯಾಯಿತು. ಮುಂಬಯಿಯ ಇಂಗ್ಲಿಷರ ಕಣ್ಣಳತೆಯಲ್ಲೇ ಇದ್ದ ಈ ನೆಲೆಯಿಂದ ಅವರ ಬಂದರಿಗೆ ಬಂದುಹೋಗುವ ಹಡಗುಗಳನ್ನೆಲ್ಲ ಗಮನಿಸಲು ಸಾಧ್ಯವಿತ್ತು.

ಅವನ ನೌಕಾಪಡೆಯಲ್ಲಿ ಗುರಾಬು ಮತ್ತು ಗಲಬತ್ತು ಎಂಬ ಎರಡು ಬಗೆಯ ನಾವೆಗಳು ಮುಖ್ಯವಾಗಿದ್ದವು. ಗುರಾಬು ಎರಡು ಅಥವಾ ಮೂರು ಪಟಸ್ತಂಭಗಳ, ತೇಗದ ಮರದಿಂದ ಕಟ್ಟಿದ, ನೀರಿನಲ್ಲಿ ಹೆಚ್ಚು ಆಳಕ್ಕೆ ಇಳಿಯದ ಹಡಗು. ಅದರ ಮೂತಿಯಲ್ಲಿ ಮುಂದಕ್ಕೆ ಗುಂಡು ಹಾರಿಸುವ ಫಿರಂಗಿಗಳಿರುತ್ತಿದ್ದವು. ಗಲಬತ್ತು ಇನ್ನೂ ಚಿಕ್ಕದು, ನಲವತ್ತು ಐವತ್ತು ಹುಟ್ಟುಗಳಿಂದ ಸಾಗುವಂಥದು. ಗಾಳಿ ನಿಂತು ಯುರೋಪಿಯನ್ನರ ದೊಡ್ಡ ಹಡಗು ನಿಶ್ಚಲವಾದಾಗ ಗಲಬತ್ತುಗಳು ಗುರಾಬನ್ನು ಎಳೆದುಕೊಂಡು ಹೋಗಿ ಎದುರಾಳಿಯ ಹಿಂಬದಿಗೆ ನಿಲ್ಲಿಸುತ್ತಿದ್ದವು. ಹಡಗಿನ ಎರಡು ಪಕ್ಕಗಳಲ್ಲಿ ಸಾಲಾಗಿದ್ದ ಫಿರಂಗಿಗಳು ಆಗ ನಿರುಪಯುಕ್ತವಾಗುತ್ತಿದ್ದವು. ಮೊದಲು ಹಾಯಿ ಮತ್ತು ಪಟಸ್ತಂಭಗಳನ್ನು ಹೊಡೆದುರುಳಿಸಿ ಅನಂತರ ಹಡಗನ್ನೇರುವುದು ಈ ಯುದ್ಧದ ಕ್ರಮ. ಬೆನ್ನಟ್ಟಿ ಬಂದರೆ ಜಲದುರ್ಗಗಳ ಆಶ್ರಯಕ್ಕೆ, ದೊಡ್ಡ ಹಡಗು ಬರಲಾರದ ಅಳಿವೆಗಳಿಗೆ ಸರಿದುಬಿಡುತ್ತಿದ್ದರು. ತೆರೆದ ಮಹಾಸಾಗರದಲ್ಲಿ ಸೆಣಸುವ ಸಾಮರ್ಥ್ಯ ಈ ಪಡೆಗಿರಲಿಲ್ಲ. ಕರಾವಳಿಯ ನೀರಿನಲ್ಲಿ ಮಾತ್ರ ಅದಕ್ಕೆ ಸರಿಸಾಟಿಯಾದುದು ವಿರಳ.

ಇಂಗ್ಲಿಷರೊಡನೆ ಅವನಿಗಿದ್ದ ವೈಮನಸ್ಸಿನ ತಿರುಳು ರಹದಾರಿಯೇ ಆಗಿತ್ತು. ಕೊಂಕಣದ ಕಡಲಿನಲ್ಲಿ ಸಂಚರಿಸುವ ವ್ಯಾಪಾರಿಗಳು ತನ್ನ ದಸ್ತಕವನ್ನು ಪಡೆದು ಶುಲ್ಕ ತೆರಬೇಕೆಂಬುದು ಕಾನ್ಹೋಜಿಯ ನಿಲುವು. ಈಸ್ಟ್ ಇಂಡಿಯಾ ಕಂಪನಿಯ ಸ್ವಂತ ಹಡಗುಗಳಿಗೆ ವಿನಾಯಿತಿ ಕೊಡಲು ಅವನು ಒಪ್ಪಿದ್ದುಂಟು. ದೇಶೀಯ ವರ್ತಕರ ಸರಕು ಇಂಗ್ಲಿಷರ ಪತ್ರದ ಮರೆಯಲ್ಲಿ ಶುಲ್ಕವಿಲ್ಲದೆ ಸಾಗುವುದನ್ನು ಮಾತ್ರ ಅವನು ಒಪ್ಪಲಿಲ್ಲ. ಪೋರ್ಚುಗೀಸರು ಎರಡು ಶತಮಾನಗಳಿಂದ ನಡೆಸಿಕೊಂಡು ಬಂದುದನ್ನೇ ದೇಶೀಯ ಅಧಿಕಾರಿಯೊಬ್ಬನು ತನ್ನ ನೆಲಕ್ಕೆ ತಾಗಿದ ನೀರಿನಲ್ಲಿ ನಡೆಸಿದಾಗ ಅದಕ್ಕೆ ಕಡಲ್ಗಳ್ಳತನವೆಂಬ ಹೆಸರು ಬಂದುದನ್ನು ಇಲ್ಲಿ ಗಮನಿಸಬೇಕು.

ಈ ಸಂಘರ್ಷದ ಒಂದು ಎಳೆ ಕಾರವಾರದವರೆಗೂ ಚಾಚಿದೆ. 1712ರ ನವೆಂಬರಿನಲ್ಲಿ ಕಂಪನಿಯ ಕಾರವಾರ ಕೋಠಿಯ ಮುಖ್ಯಸ್ಥನಾಗಿದ್ದ ಥಾಮಸ್ ಚೌನ್ ಪತ್ನಿಯೊಡನೆ ಮುಂಬಯಿಯಿಂದ ಕಾರವಾರಕ್ಕೆ ಹೊರಟಿದ್ದನು. ಅವರಿದ್ದುದು ಮುಂಬಯಿಯ ಗವರ್ನರ್ ಏಸ್ಲಾಬಿಯ ಸಶಸ್ತ್ರ ನಾವೆಯಲ್ಲಿ. ಆಂಗ್ರೆಯ ಗುರಾಬುಗಳೊಡನೆ ನಡೆದ ಕಾಳಗದಲ್ಲಿ ಚೌನ್ ಗುಂಡೇಟಿನಿಂದ ಸತ್ತನು, ನಾವೆ ಸೆರೆಯಾಯಿತು, ಹರೆಯದ ವಿಧವೆ ಕುಲಾಬಾದಲ್ಲಿ ಬಂದಿಯಾದಳು. ಮರುವರ್ಷ ಇಂಗ್ಲಿಷರೊಡನೆ ಒಪ್ಪಂದವಾಗಿ 30,000 ರೂಪಾಯಿಗಳ ಬಿಡುಗಡೆ ಹಣ ಸಂದ ಮೇಲೆ ಆಕೆ ಹಿಂದಿರುಗಿದಳು. ಕಾನ್ಹೋಜಿಯನ್ನು ಕೇವಲ ನಾಯಕನನ್ನಾಗಿ ಚಿತ್ರಿಸುವವರು ಈ ಪ್ರಸಂಗವನ್ನು ಮರೆಮಾಚಬೇಕಾಗಿಲ್ಲ. ಬಂದಿಗಳನ್ನು ಹಿಡಿದು ಹಣ ಪಡೆಯುವುದು ಆ ಕಾಲದ ಕಡಲಯುದ್ಧದಲ್ಲಿ ಎಲ್ಲ ಪಕ್ಷಗಳಲ್ಲೂ ಇದ್ದ ರೂಢಿ. ಅದರ ನೋವನ್ನುಂಡವರು ಬಹುಮಟ್ಟಿಗೆ ಅಧಿಕಾರದ ಲೆಕ್ಕಾಚಾರಕ್ಕೆ ಹೊರಗಿದ್ದವರು.

ಇದೇ ಸಮಯದಲ್ಲಿ ಮರಾಠ ರಾಜ್ಯದೊಳಗೂ ಬಿಕ್ಕಟ್ಟು ತಲೆದೋರಿತ್ತು. 1707ರಲ್ಲಿ ಔರಂಗಜೇಬನ ಮರಣಾನಂತರ ಬಿಡುಗಡೆ ಹೊಂದಿದ ಶಾಹು ಮತ್ತು ತಾರಾಬಾಯಿಯರ ನಡುವೆ ಅಂತಃಕಲಹ ನಡೆದಾಗ ಕಾನ್ಹೋಜಿ ತಾರಾಬಾಯಿಯ ಪಕ್ಷದಲ್ಲಿದ್ದನು. 1713ರಲ್ಲಿ ತನ್ನ ಮೇಲೆ ಬಂದ ಶಾಹುವಿನ ಪೇಶ್ವೆ ಬಹಿರೋಪಂತ ಪಿಂಗಳೆಯನ್ನೇ ಅವನು ಸೆರೆಹಿಡಿದನು. ಹೊಸ ಪೇಶ್ವೆಯಾದ ಬಾಳಾಜಿ ವಿಶ್ವನಾಥನು ಯುದ್ಧದ ಬದಲು ಸಂಧಾನದ ದಾರಿ ಹಿಡಿದನು. 1714ರ ಒಪ್ಪಂದದಂತೆ ಕಾನ್ಹೋಜಿ ಶಾಹುವಿನ ಪ್ರಭುತ್ವವನ್ನು ಒಪ್ಪಿದನು; ಸರಖೇಲ ಪದವಿಯೂ ಹತ್ತು ದೊಡ್ಡ ಕೋಟೆಗಳೂ ಹದಿನಾರು ಚಿಕ್ಕ ಕೋಟೆಗಳೂ ಅವನಿಗೆ ಸ್ಥಿರಪಟ್ಟವು. ಛತ್ರಪತಿಯೊಬ್ಬನಿಂದ ಪದವಿ, ದುರ್ಗ, ಆದಾಯಗಳನ್ನು ಪಡೆದವನನ್ನು ಯಾವ ಪ್ರಭುತ್ವಕ್ಕೂ ಸೇರದ ದರೋಡೆಗಾರನೆನ್ನುವುದು ಹೇಗೆಂಬ ಪ್ರಶ್ನೆಗೆ ಈ ಒಪ್ಪಂದವೇ ಸಾಕಷ್ಟು ಉತ್ತರ.

1715ರ ಕೊನೆಯಲ್ಲಿ ಚಾರ್ಲ್ಸ್ ಬೂನ್ ಮುಂಬಯಿಯ ಗವರ್ನರನಾದ ಮೇಲೆ ಹೋರಾಟ ತೀವ್ರವಾಯಿತು. 1717ರಲ್ಲಿ ವಿಜಯದುರ್ಗದ ಮೇಲೆ, 1718ರಲ್ಲಿ ಖಾಂದೇರಿಯ ಮೇಲೆ, 1720ರಲ್ಲಿ ಮತ್ತೆ ವಿಜಯದುರ್ಗದ ಮೇಲೆ ನಡೆದ ದಾಳಿಗಳು ವಿಫಲವಾದವು. ಕೊನೆಯ ದಾಳಿಗಾಗಿ ತೇಲುವ ಫಿರಂಗಿಕಟ್ಟೆಯೊಂದನ್ನೇ ಕಟ್ಟಿದ್ದರು. 1721ರ ಡಿಸೆಂಬರಿನಲ್ಲಿ ಥಾಮಸ್ ಮ್ಯಾಥ್ಯೂಸನ ನೇತೃತ್ವದ ಬ್ರಿಟಿಷ್ ರಾಜನೌಕೆಗಳು, ಕಂಪನಿಯ ಸೈನ್ಯ ಹಾಗೂ ಗೋವೆಯ ಪೋರ್ಚುಗೀಸರು ಒಟ್ಟಾಗಿ ಕುಲಾಬಾಕ್ಕೆ ಮುತ್ತಿಗೆ ಹಾಕಿದರು. ಶಾಹುವಿನ ಕಡೆಯಿಂದ ಪೇಶ್ವೆ ಬಾಜಿರಾಯನ ಪಡೆ ನೆರವಿಗೆ ಬಂದಿತು. ಮಿತ್ರಪಕ್ಷದಲ್ಲಿ ಒಡಕುಂಟಾಗಿ 1722ರ ಜನವರಿಯಲ್ಲಿ ಪೋರ್ಚುಗೀಸರು ಪ್ರತ್ಯೇಕ ಒಪ್ಪಂದ ಮಾಡಿಕೊಂಡರು. 1724ರಲ್ಲಿ ಡಚ್ಚರು ವಿಜಯದುರ್ಗದ ಮೇಲೆ ನಡೆಸಿದ ದಾಳಿಗೂ ಇದೇ ಗತಿಯಾಯಿತು. ಕಡಲ ಬಲಕ್ಕೆ ನೆಲದ ರಾಜ್ಯದ ಬೆಂಬಲ ದೊರೆತಾಗ ಏನಾಗಬಲ್ಲುದೆಂಬುದಕ್ಕೆ 1721ರ ಕುಲಾಬಾ ಸಾಕ್ಷಿ.

1729ರ ಜುಲೈ 4ರಂದು ಕಾನ್ಹೋಜಿ ನಿಧನನಾದನು. ಅವನ ಸಮಾಧಿ ಅಲಿಬಾಗಿನಲ್ಲಿದೆ. ಹಿರಿಯ ಮಗ ಸೇಖೋಜಿ 1733ರಲ್ಲಿ ತೀರಿಕೊಂಡ ಮೇಲೆ ಸಂಭಾಜಿ ಮತ್ತು ಮಾನಾಜಿಯರ ಕಲಹದಿಂದ ನೌಕಾಬಲ ಇಬ್ಭಾಗವಾಯಿತು. ಇನ್ನೊಬ್ಬ ಮಗ ತುಳಾಜಿ ಪೇಶ್ವೆಯ ಅಧೀನತೆಯನ್ನು ಒಪ್ಪದಿದ್ದಾಗ ಪೇಶ್ವೆಯೇ ಇಂಗ್ಲಿಷರ ಜೊತೆಗೂಡಿದನು. 1755ರಲ್ಲಿ ಸುವರ್ಣದುರ್ಗ ಬಿದ್ದಿತು; 1756ರ ಫೆಬ್ರವರಿಯಲ್ಲಿ ವಾಟ್ಸನ್ ಮತ್ತು ಕ್ಲೈವರ ದಾಳಿಯಲ್ಲಿ ವಿಜಯದುರ್ಗದ ಬಂದರಿನಲ್ಲಿದ್ದ ಆಂಗ್ರೆಯ ಹಡಗುಗಳು ಸುಟ್ಟು ಬೂದಿಯಾದವು. ಕಾನ್ಹೋಜಿಯ ಸಾಧನೆಯ ಮಿತಿ ಇಲ್ಲಿ ಸ್ಪಷ್ಟವಾಗುತ್ತದೆ. ಅವನು ಕಟ್ಟಿದ ಪಡೆ ರಾಜ್ಯದ ಸಂಸ್ಥೆಯಾಗಿ ಬೇರೂರದೆ ಮನೆತನದ ಆಸ್ತಿಯಾಗಿ ಉಳಿಯಿತು. ಮನೆತನ ಒಡೆದಾಗ ಅದೂ ಒಡೆಯಿತು. ಹೀಗೆ ಒಡೆದುದನ್ನು ಕಾಪಾಡಿಕೊಳ್ಳುವ ದೂರದೃಷ್ಟಿ ಪುಣೆಯ ಆಡಳಿತಕ್ಕೂ ಇರಲಿಲ್ಲ.

ಸ್ವಾತಂತ್ರ್ಯಾನಂತರ 1951ರಲ್ಲಿ ಮುಂಬಯಿಯ ನೌಕಾನೆಲೆಗೆ ಐ.ಎನ್.ಎಸ್. ಆಂಗ್ರೆ ಎಂಬ ಹೆಸರನ್ನಿಡಲಾಯಿತು. ಇಂಗ್ಲಿಷರ ಕೋಟೆಯ ಆವರಣದಲ್ಲೇ ಅವರ ಕಡುವೈರಿಯ ಹೆಸರು ನೆಲೆಗೊಂಡಿತು. 1999ರಲ್ಲಿ ಅವನ ಸ್ಮರಣೆಗೆ ಅಂಚೆಚೀಟಿ ಹೊರಬಂದಿತು. 2022ರಲ್ಲಿ ಭಾರತೀಯ ನೌಕಾಪಡೆ ಶಿವಾಜಿಯ ಮುದ್ರೆಯಿಂದ ಪ್ರೇರಿತವಾದ ಹೊಸ ಧ್ವಜವನ್ನು ಸ್ವೀಕರಿಸಿತು. ಇವು ಗೌರವದ ಕುರುಹುಗಳು. ಅಧ್ಯಯನಕಾರರ ಹೊಣೆ ಇಷ್ಟಕ್ಕೆ ಮುಗಿಯುವುದಿಲ್ಲ. ಕರಾವಳಿಯ ಚರಿತ್ರೆಯನ್ನು ಬರೆಯುವಾಗ ಇಂಗ್ಲಿಷ್ ಮತ್ತು ಪೋರ್ಚುಗೀಸ್ ಆಕರಗಳನ್ನು ಅವಲಂಬಿಸುವುದು ನಮಗೆ ಅನಿವಾರ್ಯ. ಅಲ್ಲಿಯ ಪದವೊಂದನ್ನು ಕಡಲ್ಗಳ್ಳನೆಂದು ಕನ್ನಡಕ್ಕೆ ತರುವ ಮುನ್ನ ರಹದಾರಿ ಯಾರದಾಗಿತ್ತು, ಅದನ್ನು ನೀಡುವ ಅಧಿಕಾರ ಎಲ್ಲಿಂದ ಬಂದಿತ್ತು ಎಂದು ಕೇಳಿಕೊಳ್ಳುವುದು ಅಗತ್ಯ. ಬಸ್ರೂರು, ಹೊನ್ನಾವರ, ಮಿರ್ಜಾನ, ಕಾರವಾರಗಳ ಕಡಲ ಚರಿತ್ರೆಗೂ ಈ ಪ್ರಶ್ನೆ ಅಷ್ಟೇ ಅನ್ವಯಿಸುತ್ತದೆ.