ಬಂಡೆಯ ಗರ್ಭದಲ್ಲಿ ವಿಶ್ವಕಿರಣ: ಡಾ. ಹೋಮಿ ಭಾಭಾ

ಹಾವೇರಿಯ ಸಿದ್ಧೇಶ್ವರ ದೇವಾಲಯದ ಕಲ್ಲಿನ ಗೋಡೆಗಳು ಶತಮಾನಗಳಿಂದ ಬಿಸಿಲು ಮಳೆಗಳನ್ನು ತಡೆದು ನಿಂತಿವೆ. ಆದರೆ ಆಕಾಶದಿಂದ ಅನವರತ ಸುರಿಯುವ ವಿಶ್ವಕಿರಣಗಳ ಕೆಲವು ಸೂಕ್ಷ್ಮ ಕಣಗಳಿಗೆ ಆ ಗೋಡೆಗಳೂ ಅಡ್ಡಿಯಲ್ಲ. ಘನವಸ್ತುವಿನೊಳಗೆ ಇಂಥ ಕಣಗಳ ಗತಿ ಎಂತಹುದೆಂದು ಅರಸಿದವರಲ್ಲಿ ಅಗ್ರಗಣ್ಯರು ಡಾ. ಹೋಮಿ ಜಹಾಂಗೀರ ಭಾಭಾ.

1909ರ ಅಕ್ಟೋಬರ್ 30ರಂದು ಮುಂಬಯಿಯ ಪಾರ್ಸಿ ಮನೆತನದಲ್ಲಿ ಜನಿಸಿದ ಭಾಭಾ ಇಂಜಿನಿಯರಿಂಗ್ ವ್ಯಾಸಂಗಕ್ಕೆಂದು ಕೇಂಬ್ರಿಜ್‌ಗೆ ತೆರಳಿದರು. ಮಗನು ಜಮ್‌ಷೆಡ್‌ಪುರದ ಉಕ್ಕಿನ ಕಾರ್ಖಾನೆ ಸೇರಲೆಂಬುದು ತಂದೆಯ ಅಭಿಲಾಷೆ. ಮಗನ ಮನಸ್ಸೋ ಭೌತವಿಜ್ಞಾನದತ್ತ. ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾಗಿ ಅವರು ತಂದೆಯ ಸಮ್ಮತಿ ಪಡೆದರು.

1937ರಲ್ಲಿ ಹೈಟ್ಲರ್ ಅವರೊಡನೆ ಭಾಭಾ ಒಂದು ಸಿದ್ಧಾಂತವನ್ನು ಮಂಡಿಸಿದರು. ಅತಿವೇಗದ ಎಲೆಕ್ಟ್ರಾನು ಸೀಸದ ಪರಮಾಣುಗಳ ಬಳಿ ಹಾಯುವಾಗ ತನ್ನ ಶಕ್ತಿಯನ್ನು ಗಾಮಾ ಕಿರಣವಾಗಿ ಚೆಲ್ಲುತ್ತದೆ. ಆ ಕಿರಣವು ಎಲೆಕ್ಟ್ರಾನು ಮತ್ತು ಪಾಸಿಟ್ರಾನುಗಳ ಜೋಡಿಯಾಗುತ್ತದೆ. ಹೀಗೆ ಒಂದು ಎರಡಾಗಿ, ಎರಡು ನಾಲ್ಕಾಗಿ, ಶಕ್ತಿಯು ಹಂಚಿಹೋಗಿ ಕೊನೆಗೆ ಧಾರೆಯೇ ಬತ್ತುತ್ತದೆ. ಆದರೆ ದಪ್ಪ ಸೀಸವನ್ನೂ ಭೇದಿಸಿ ಹೊರಬರುವ ಕಣಗಳಿದ್ದವು. ಅವು ಎಲೆಕ್ಟ್ರಾನಿಗಿಂತ ಬಹುಪಾಲು ಭಾರವಾಗಿರಬೇಕೆಂದು ಭಾಭಾ ತರ್ಕಿಸಿದರು. ಮ್ಯೂಯಾನ್ ಎಂದು ಹೆಸರಾದ ಆ ಕಣದ ತೂಕ ಎಲೆಕ್ಟ್ರಾನಿನ 207ರಷ್ಟು.

1939ರಲ್ಲಿ ರಜೆಗೆಂದು ತಾಯ್ನಾಡಿಗೆ ಬಂದಾಗ ಮಹಾಯುದ್ಧ ಆರಂಭವಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಸರ್ ಸಿ. ವಿ. ರಾಮನ್ ಅವರ ಸನ್ನಿಧಿಯಲ್ಲಿ, ಅವರು ಸಂಶೋಧನೆ ಮುಂದುವರಿಸಿದರು. ಯುದ್ಧಾನಂತರ ಕೇಂಬ್ರಿಜ್‌ಗೆ ಮರಳುವುದೋ, ಸೌಕರ್ಯವಿರದ ಸ್ವದೇಶದಲ್ಲಿ ನಿಲ್ಲುವುದೋ ಎಂಬ ಪ್ರಶ್ನೆಗೆ ನಿಲ್ಲುವುದೆಂದೇ ನಿಶ್ಚಯಿಸಿದರು. 1944ರಲ್ಲಿ ದೊರಾಬ್ಜಿ ಟಾಟಾ ಟ್ರಸ್ಟಿನ ನೆರವು ಕೋರಿದರು. ಆ ದಾನದಿಂದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯು 1945ರಲ್ಲಿ ಬೆಂಗಳೂರಿನಲ್ಲಿ ಉದಯಿಸಿ, ಅದೇ ವರ್ಷ ಮುಂಬಯಿಗೆ ಸಾಗಿತು.

ಕಣಗಳ ಭೇದನಶಕ್ತಿಯನ್ನು ಅಳೆಯಲು ಬೆಟ್ಟದಷ್ಟು ಬಂಡೆ ಬೇಕಿತ್ತು. ಅದು ಕೋಲಾರದ ಚಿನ್ನದ ಗಣಿಯಲ್ಲಿ ದೊರೆಯಿತು. 1950ರ ದಶಕದ ಆದಿಯಲ್ಲಿ ಸಂಸ್ಥೆಯ ತರುಣ ವಿಜ್ಞಾನಿ ಬಿ. ವಿ. ಶ್ರೀಕಂಠನ್ ಉಪಕರಣಗಳೊಡನೆ ಗಣಿಗಿಳಿದರು. ಆಳ ಹೆಚ್ಚಿದಂತೆ ಮ್ಯೂಯಾನುಗಳು ವಿರಳವಾದವು. ಸುಮಾರು 2.3 ಕಿಲೋಮೀಟರ್ ಆಳದ ಆ ನೀರವದಲ್ಲಿ, 1965ರಲ್ಲಿ, ನ್ಯೂಟ್ರಿನೊಗಳು ಬಂಡೆಯೊಳಗೇ ಹುಟ್ಟಿಸಿದ ಮ್ಯೂಯಾನುಗಳು ಪತ್ತೆಯಾದವು. ವಾಯುಮಂಡಲದಲ್ಲಿ ಜನಿಸಿದ ನ್ಯೂಟ್ರಿನೊಗಳ ಪ್ರಥಮ ದರ್ಶನಗಳಲ್ಲಿ ಅದೊಂದು.

ಮರುವರ್ಷ, 1966ರ ಜನವರಿ 24ರಂದು, ಮೌಂಟ್ ಬ್ಲಾಂಕ್ ಪರ್ವತದಲ್ಲಿ ನಡೆದ ವಿಮಾನ ಅಪಘಾತದಲ್ಲಿ ಭಾಭಾ ಅಸುನೀಗಿದರು. ಆಗ ಅವರಿಗೆ 56 ವಯಸ್ಸು. ಕೋಲಾರದ ಗಣಿಯೂ 2001ರಲ್ಲಿ ಮುಚ್ಚಿತು. ಆದರೆ ದಾನಿಗಳ ಔದಾರ್ಯವನ್ನೂ ತರುಣರ ಪ್ರತಿಭೆಯನ್ನೂ ಒಂದುಗೂಡಿಸಿ ಅವರು ಕಟ್ಟಿದ ಸಂಸ್ಥೆಯಲ್ಲಿ ಅರಸುವಿಕೆ ನಿಂತಿಲ್ಲ.